ಹೊಸ ಲ್ಯಾಪ್‌ಟಾಪ್, ನಾಲ್ಕನೇ ದಿನ

18 ಮೇ 2025, ಭಾನುವಾರ
ಸಾಗರದ ಹತ್ತಿರ

ಮಧ್ಯಾಹ್ನದಿಂದಲೂ ಮೋಡ ಕಟ್ಟಿದೆ. ಮೂರು ಗಂಟೆ ಸುಮಾರಿಗೆ ದೂರದಲ್ಲಿ ಒಂದು ಸಲ ಗುಡುಗಿತು. ಕೂಡಲೇ ಚಾರ್ಜರ್ ಪಿನ್ನನ್ನು ಗೋಡೆಯಿಂದ ಕಿತ್ತು ಮೇಜಿನ ಮೇಲಿಟ್ಟೆ. ಇಂಟರ್ನೆಟ್ ಡಬ್ಬಿಯ ಅಡಾಪ್ಟರನ್ನೂ ಕಿತ್ತೆ. ಸ್ವಿಚ್ ಆಫ್ ಮಾಡಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಸ್ವಿಚ್ಚಿನೊಳಗಿನ ಆ ಸಣ್ಣ ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ. ಪಿನ್ನು ಗೋಡೆ ಬಿಟ್ಟು ಹೊರಗೆ ಬರಬೇಕು.

ಇದನ್ನು ನಾನು ಕಲಿತದ್ದು 2017ರ ಮೇ ತಿಂಗಳಲ್ಲಿ. ಸಿಡಿಲು ಬಡಿದದ್ದು ನಮ್ಮ ಮನೆಗಲ್ಲ, ತೋಟದಾಚೆಯ ತೆಂಗಿನ ಮರಕ್ಕೆ. ಆದರೆ ಲೈನಿನಲ್ಲಿ ಬಂದದ್ದು ಮನೆಯೊಳಗೆ ಬಂತು. ಚಾರ್ಜಿಗೆ ಹಾಕಿದ್ದ ನನ್ನ ಮೊದಲ ಲ್ಯಾಪ್‌ಟಾಪ್ ಅಲ್ಲೇ ಸತ್ತುಹೋಯಿತು. ಸುಟ್ಟ ವಾಸನೆ ಕೋಣೆಯಲ್ಲಿ ಎರಡು ದಿನ ಇತ್ತು.

ನಾನು ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡುವವಳು. ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಎಂ.ಎ. ಮಕ್ಕಳ ಪ್ರಬಂಧ, ದೇವಸ್ಥಾನದ ಕರಪತ್ರ, ಏನು ಬಂದರೂ ಮಾಡಿಕೊಡುತ್ತೇನೆ. ಅವತ್ತು ಆ ಯಂತ್ರದೊಳಗೆ ಗಿರಾಕಿಗಳ ಕೆಲಸದ ಜೊತೆಗೆ ಇನ್ನೊಂದು ಫೋಲ್ಡರ್ ಇತ್ತು. ನಮ್ಮತ್ತೆ ಹೇಳಿ ಬರೆಸಿದ 63 ಹಾಡು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಸುವಾಗಿನ ಪದ. ಅತ್ತೆ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಪೇಟೆಯ ರಿಪೇರಿ ಹುಡುಗ ಹಾರ್ಡ್ ಡಿಸ್ಕನ್ನು ಬಿಚ್ಚಿ, ಒಂದು ಕೇಸಿಂಗ್‌ಗೆ ಹಾಕಿ, ತನ್ನ ಕಂಪ್ಯೂಟರಿಗೆ ಚುಚ್ಚಿದ. ಫೋಲ್ಡರ್ ತೆರೆಯಿತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಅದೇ ವರ್ಷ ಕೊಂಡ ಎರಡನೇ ಲ್ಯಾಪ್‌ಟಾಪ್ ಎಂಟು ವರ್ಷ ದುಡಿದಿದೆ. ಈಗಲೂ ಓಡುತ್ತದೆ. ಆದರೆ ಅದಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಅದರ ಪ್ರೊಸೆಸರ್ ಹಳೆಯದಾಯಿತು. ವಿಂಡೋಸ್ 10ಕ್ಕೆ ಇದೇ 2025ರ ಅಕ್ಟೋಬರ್ 14ರಿಂದಾಚೆಗೆ ಮೈಕ್ರೋಸಾಫ್ಟ್ ಬೆಂಬಲ ಕೊಡುವುದಿಲ್ಲ. ಬೇರೆಯವರ ಪ್ರಬಂಧ, ಲೆಕ್ಕಪತ್ರ ಇಟ್ಟುಕೊಳ್ಳುವವಳು ನಾನು. ಅದನ್ನೇ ನಂಬಿಕೊಂಡು ಕೂರುವುದು ಸರಿ ಅನ್ನಿಸಲಿಲ್ಲ. ಹಾಗಾಗಿ ಗುರುವಾರ ಹೊಸದು ಮನೆಗೆ ಬಂತು. ಹಳೆಯದು ಮಗಳಿಗೆ. ರಜೆ ಮುಗಿಯುವುದರೊಳಗೆ ಅದಕ್ಕೆ ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ವ್ಯವಸ್ಥೆ ಹಾಕಿಕೊಡಬೇಕು.

ಅಂಗಡಿಯವರು ಪೆಟ್ಟಿಗೆ ಕೊಡುವಾಗ, "ಮೊದಲು ಎಂಟು ಗಂಟೆ ಚಾರ್ಜ್ ಮಾಡಿ ಮೇಡಂ, ಆಮೇಲೆ ಆನ್ ಮಾಡಿ" ಅಂದರು. ಇದು ಹಳೆಯ ನಿಕಲ್ ಬ್ಯಾಟರಿ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿಗೆ ಅದು ಬೇಡ. ಪೆಟ್ಟಿಗೆಯಿಂದ ತೆಗೆದಾಗಲೇ ಅರ್ಧದಷ್ಟು ಚಾರ್ಜ್ ಇತ್ತು, ಹಾಗೇ ಆನ್ ಮಾಡಿದೆ. ಮೊದಲ ದಿನ ಅಪ್‌ಡೇಟ್‌ಗಳು ಬಂದು ಮುಗಿಯುವುದಕ್ಕೇ ಹೋಯಿತು. ನಡುವೆ ಎರಡು ಸಲ ರೀಸ್ಟಾರ್ಟ್ ಕೇಳಿತು. ಜೊತೆಗೇ ಬಂದಿದ್ದ ಮೂವತ್ತು ದಿನದ ಆಂಟಿವೈರಸ್ಸನ್ನು ತೆಗೆದುಹಾಕಿದೆ. ವಿಂಡೋಸ್‌ನ ಡಿಫೆಂಡರ್ ಇದೆ, ನನ್ನ ಕೆಲಸಕ್ಕೆ ಅದು ಸಾಕು. ಮಗಳು ಪಕ್ಕದಲ್ಲಿ ಕೂತು, "ಅಮ್ಮಾ, 512 ಅಂತ ಬರ್ದಿದಾರೆ, ಇಲ್ಲಿ 476 ತೋರಿಸ್ತಿದೆ, ಉಳಿದದ್ದೆಲ್ಲಿ?" ಅಂದಳು. ಎಲ್ಲೂ ಹೋಗಿಲ್ಲ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಅಂತ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಶುಕ್ರವಾರ ಬೆಳಿಗ್ಗೆ ಚಾರ್ಜಿಗೆ ಹಾಕಿ ಕೀಬೋರ್ಡ್ ಅಂಚಿಗೆ ಮಣಿಕಟ್ಟು ಇಟ್ಟೆ. ಸಣ್ಣಗೆ ಜುಮ್ ಅಂದಿತು. ಬೆರಳ ಬೆನ್ನನ್ನು ಮೆತ್ತಗೆ ಸವರಿದರೆ ಲೋಹದ ಮೈ ನಡುಗಿದ ಹಾಗೆ. ಹೊಸದರಲ್ಲೇ ದೋಷವಿದೆಯೇ ಅಂತ ಹೆದರಿ ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. "ಅತ್ತೆ, ಬೇರೆ ಕೋಣೆ ಪ್ಲಗ್ಗಿಗೆ ಹಾಕಿ ನೋಡಿ" ಅಂದ. ಅಡುಗೆಮನೆಯ ಪ್ಲಗ್ಗಿನಲ್ಲಿ ಏನೂ ಇಲ್ಲ. ನನ್ನ ಮೇಜಿನ ಹತ್ತಿರದ್ದರಲ್ಲಿ ಮಾತ್ರ. ವೈರಿಂಗ್ ಮಾಡುವವರನ್ನು ಕರೆಸಿದೆವು. ಅವರು ಒಂದು ಬಲ್ಬಿನ ಎರಡು ವೈರುಗಳನ್ನು ಫೇಸಿಗೂ ಅರ್ತಿಗೂ ಕೊಟ್ಟು ನೋಡಿದರು. ಬಲ್ಬು ಹತ್ತಲೇ ಇಲ್ಲ. ಬೋರ್ಡ್ ಬಿಚ್ಚಿದರೆ ಹಸಿರು ವೈರು ಕಳಚಿಕೊಂಡು ಸುಮ್ನೆ ನೇತಾಡುತ್ತಿತ್ತು. ಎಷ್ಟು ವರ್ಷದಿಂದಲೋ. ಅಡಾಪ್ಟರಿನಿಂದ ಸೋರುವ ಚೂರು ಕರೆಂಟಿಗೆ ಭೂಮಿಗೆ ಇಳಿಯುವ ದಾರಿ ಇಲ್ಲದೆ ಅದು ಲ್ಯಾಪ್‌ಟಾಪಿನ ಮೈಗೆ ಬರುತ್ತಿತ್ತು. ಹಳೆಯದರ ಮೈ ಪ್ಲಾಸ್ಟಿಕ್, ಗೊತ್ತೇ ಆಗಿರಲಿಲ್ಲ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದರೂ ಹೀಗಾಗುತ್ತದಂತೆ. ನಮ್ಮೆಜಮಾನರು ಅವತ್ತೇ ಎರಡು ಕೊಡ ನೀರು ಹೊಯ್ದು ಬಂದರು. ಈಗ ಮುಟ್ಟಿದರೆ ತಣ್ಣಗಿದೆ. ನಿಮ್ಮ ಲ್ಯಾಪ್‌ಟಾಪ್ ಜುಮ್ ಅಂದರೆ ದಯವಿಟ್ಟು ಮೂರನೇ ಪಿನ್ನು ಮುರಿದು ಹಾಕಬೇಡಿ, ಗೋಡೆಯನ್ನು ತೋರಿಸಿ.

ಬ್ಯಾಟರಿಯ ವಿಷಯದಲ್ಲಿ ಈ ಸಲ ಮೊದಲ ದಿನದಿಂದಲೇ ಎಚ್ಚರ. ಹಳೆಯದನ್ನು ಎಂಟು ವರ್ಷವೂ ಹಗಲಿಡೀ ಚಾರ್ಜಿನಲ್ಲೇ ಇಟ್ಟಿದ್ದೆ, ಯಾವಾಗಲೂ ನೂರಕ್ಕೆ ನೂರು. ಲಿಥಿಯಂ ಬ್ಯಾಟರಿಗೆ ಎರಡು ಸಂಗತಿ ಆಗಿಬರುವುದಿಲ್ಲ. ಒಂದು ಬಿಸಿ. ಇನ್ನೊಂದು ತುಂಬಿಕೊಂಡೇ ಕೂತಿರುವುದು. ಎರಡೂ ಸೇರಿದರೆ ಬೇಗ ಸೊರಗುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಅಂತ ಬರೆದು, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿ ರಿಪೋರ್ಟ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಹೊಡೆದರೆ ಒಂದು ವರದಿ ಬರುತ್ತದೆ. ಬ್ಯಾಟರಿ ಮೂಲದಲ್ಲಿ ಎಷ್ಟು ಹಿಡಿಯಬೇಕಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅದರಲ್ಲಿವೆ. ಹಳೆಯದರಲ್ಲಿ ನೋಡಿದೆ. 41,000 ಇರಬೇಕಾದ ಕಡೆ 12,300 ಮಿಲಿವ್ಯಾಟ್ ಅವರ್. ಹೊಸದರ ಅಂಕಿಯನ್ನು ಇವತ್ತಿನ ತಾರೀಕು ಹಾಕಿ ಡೈರಿಯಲ್ಲಿ ಬರೆದಿಟ್ಟೆ, ಮುಂದಿನ ಮೇನಲ್ಲಿ ಹೋಲಿಸಿ ನೋಡಬಹುದು.

ಹೊಸದರಲ್ಲಿ ಕಂಪನಿಯದೇ ಒಂದು ಆ್ಯಪ್ ಇದೆ. ಅದರಲ್ಲಿ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಮಾಡಿದ್ದೇನೆ. ಆದರೆ ಇದನ್ನೇ ವ್ರತದ ಹಾಗೆ ಪಾಲಿಸಲು ನಮ್ಮೂರಲ್ಲಿ ಆಗುವುದಿಲ್ಲ. ಮಳೆಗಾಲದಲ್ಲಿ ಎಲ್ಲಾದರೂ ಮರ ಬಿದ್ದರೆ ಎರಡು ದಿನ ಕರೆಂಟೇ ಇಲ್ಲ. ಗಾಳಿಮಳೆ ಜಾಸ್ತಿ ಇರುವ ವಾರದಲ್ಲಿ ನೂರಕ್ಕೆ ಏರಿಸಿಕೊಳ್ಳುತ್ತೇನೆ. ಬ್ಯಾಟರಿ ಇರುವುದು ನನ್ನ ಕೆಲಸಕ್ಕೆ ಅಲ್ವಾ?

ಇನ್ನು ನುಡಿ, ಕನ್ನಡ ಟೈಪಿಂಗ್‌ನ ತಂತ್ರಾಂಶ. ಅದಿಲ್ಲದಿದ್ದರೆ ಈ ಯಂತ್ರ ನನಗೆ ಬರೀ ಹಲಗೆ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, ಭಾಷೆ ಸೇರಿಸಿಕೊಂಡರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಬದಲಾಯಿಸಬಹುದು. ಹೊಸಬರಿಗೆ ಅದು ಚೆನ್ನಾಗಿದೆ. ಆದರೆ ನನ್ನ ಬೆರಳು ಕೂತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಂಡು ಮೊದಲು ಹೊಡೆದ ಪದ "ಕನ್ನಡ". ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಒತ್ತು. ಎಫ್ ಅಂದರೆ ಒತ್ತಕ್ಷರಕ್ಕೆ ಕೊಂಡಿ. ಕನ್ನಡದಲ್ಲಿ ಒತ್ತು ಇಲ್ಲದ ಸಾಲು ಎಷ್ಟಿವೆ ಹೇಳಿ. ಹಳೆಯದರಲ್ಲಿ ಎಲ್ಲ ಕೀಗಳ ಅಕ್ಷರ ಇನ್ನೂ ಕಾಣುತ್ತದೆ, ಎಫ್ ಮಾತ್ರ ನುಣ್ಣಗೆ ಬೋಳಾಗಿದೆ. ಹೊಸದರ ಎಫ್ ಮೇಲಿನ ಪುಟ್ಟ ಗೀಟು ಬೆರಳಿಗೆ ಚುಚ್ಚುವಷ್ಟು ಹೊಸತು.

ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಳ್ಳಿ ಅಂದರು ಅಂಗಡಿಯಲ್ಲಿ. ನಾನು ಬೇಡವೆಂದೆ. ಮುಚ್ಚಿದಾಗ ಅದು ಪರದೆಗೆ ಒತ್ತುತ್ತದೆ, ಕೀಗಳ ಸಂದಿನಿಂದ ಹೊರಡುವ ಬಿಸಿಗೂ ಅಡ್ಡ. ಅದರ ಬದಲು ದಿನಾ ಸಂಜೆ ಮೆತ್ತನೆ ಬ್ರಷ್‌ನಿಂದ ಗುಡಿಸುತ್ತೇನೆ. ಪರದೆಯನ್ನು ಮೆತ್ತನೆ ಬಟ್ಟೆಯ ಮೂಲೆ ಚೂರು ಒದ್ದೆ ಮಾಡಿ ಒರೆಸುವುದು, ನೇರ ಏನನ್ನೂ ಸಿಂಪಡಿಸುವುದಿಲ್ಲ. ಮುಚ್ಚುವ ಮುಂಚೆ ಕೀಬೋರ್ಡ್ ಮೇಲೆ ಪೆನ್ನು, ಪಿನ್ನು ಏನಾದರೂ ಉಳಿದಿದೆಯಾ ಅಂತ ಒಮ್ಮೆ ಕೈಯಾಡಿಸಬೇಕು. ಒಂದು ಅಕ್ಕಿಕಾಳು ಸಾಕು ಪರದೆ ಸೀಳಲು. ಜೂನ್ ಬಂದರೆ ನಮ್ಮಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಬ್ಯಾಗಿನಲ್ಲಿ ಮುಚ್ಚಿಟ್ಟ ಲ್ಯಾಪ್‌ಟಾಪಿಗೆ ತೇವ ಕೂರುತ್ತದೆ. ದಿನಾ ಒಂದೆರಡು ಗಂಟೆ ಓಡಿದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಬ್ಯಾಗ್ ಅಂತೂ ನಾನು ತಂದಿಲ್ಲ.

ನಾಲ್ಕು ದಿನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆಯೇ. ನಿನ್ನೆ ರಾತ್ರಿ ಅಣ್ಣನ ಮಗ ಫೋನಿನಲ್ಲಿ ಕೇಳಿದ, "ಅತ್ತೆ, ರಿಕವರಿ ಕೀ ಬರ್ಕೊಂಡ್ರಾ?" ಹಾಗಂದರೆ ಏನು ಮಾರಾಯ ಅಂದೆ.

ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದರೆ ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ತಾನಾಗೇ ಬೀಗ ಬೀಳುತ್ತದೆ. ಬಿಟ್‌ಲಾಕರ್ ಅನ್ನುತ್ತಾರೆ. ಕಳ್ಳ ಒಯ್ದರೆ ಡಿಸ್ಕ್ ಬಿಚ್ಚಿ ಓದಲಾರ, ಅದು ಒಳ್ಳೆಯದೇ. ಆದರೆ ಅವತ್ತು ರಿಪೇರಿ ಹುಡುಗ ಮಾಡಿದ್ದನ್ನು ಇವತ್ತು ಯಾರೂ ಮಾಡಲಾರರು. ಬೋರ್ಡ್ ಸುಟ್ಟುಹೋಗಿ ಡಿಸ್ಕ್ ಚೆನ್ನಾಗೇ ಉಳಿದರೂ ಆ ಬೀಗ ತೆಗೆಯುವ ರಿಕವರಿ ಕೀ ಇಲ್ಲದಿದ್ದರೆ ಒಳಗಿರುವುದು ಸಿಗುವುದಿಲ್ಲ. ಕೆಲವೊಮ್ಮೆ ಬಯಾಸ್, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ, ಅಪ್‌ಡೇಟ್ ಆದಮೇಲೂ ಈ ಕೀ ಕೇಳುತ್ತದಂತೆ. ಇದನ್ನು ಅಂಗಡಿಯಲ್ಲಿ ಒಬ್ಬರೂ ಹೇಳಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಎಂಟು ಗಂಟೆ ಚಾರ್ಜ್ ಮಾಡಿ ಅನ್ನುವ ಬದಲು ಈ ಒಂದು ಮಾತು ಹೇಳಬಹುದಿತ್ತು.

ಕೀ ಇರುವುದು ಅದೇ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಫೋನಿನಿಂದ ಲಾಗಿನ್ ಆಗಿ ಡಿವೈಸ್‌ಗಳ ಪಟ್ಟಿಯಲ್ಲಿ ನೋಡಿದರೆ ಸಿಗುತ್ತದೆ. ಒಟ್ಟು 48 ಅಂಕಿ. ಆರಾರು ಅಂಕಿಯ ಎಂಟು ಗುಂಪು. ನಾನು ಓದಿದೆ, ಮಗಳು ಬರೆದಳು. ಬರೆದಾದ ಮೇಲೆ ಅಣ್ಣನ ಮಗ ಹೇಳಿದ, ಪ್ರತಿಯೊಂದು ಗುಂಪೂ 11ರಿಂದ ಭಾಗವಾಗಬೇಕು, ಆಗದಿದ್ದರೆ ಬರೆಯುವಾಗ ತಪ್ಪಾಗಿದೆ ಅಂತ.

ಒಂಬತ್ತನೇ ಕ್ಲಾಸಿಗೆ ಹೋಗುವ ಮಗಳಿಗೆ ಇದು ಹಬ್ಬ. 11ರ ನಿಯಮ ಅವಳಿಗೆ ಬಾಯಿಪಾಠ. ಒಂದು, ಮೂರು, ಐದನೇ ಅಂಕಿ ಕೂಡು. ಎರಡು, ನಾಲ್ಕು, ಆರನೇ ಅಂಕಿ ಕೂಡು. ಎರಡರ ವ್ಯತ್ಯಾಸ ಸೊನ್ನೆ ಬರಬೇಕು, ಇಲ್ಲಾ 11 ಬರಬೇಕು, 22 ಬಂದರೂ ಸರಿ. ಉದಾಹರಣೆಗೆ 417340 ಅಂತಿಟ್ಟುಕೊಳ್ಳಿ, ಇದು ನಮ್ಮ ಕೀಯಲ್ಲ. ನಾಲ್ಕು, ಏಳು, ನಾಲ್ಕು ಸೇರಿ 15. ಒಂದು, ಮೂರು, ಸೊನ್ನೆ ಸೇರಿ 4. ವ್ಯತ್ಯಾಸ 11, ಸರಿ ಇದೆ. ಮಗಳು ಒಂದೊಂದೇ ಗುಂಪಿನ ಕೆಳಗೆ ಪೆನ್ಸಿಲ್ಲಿನಿಂದ ಗೀಟು ಹಾಕುತ್ತಾ ಹೋದಳು. ಐದನೇ ಗುಂಪಿನಲ್ಲಿ ನಿಂತಳು. "ಅಮ್ಮಾ, ಇದು 5 ಬರ್ತಿದೆ." ಫೋನಿನಲ್ಲಿ ಮತ್ತೆ ನೋಡಿದರೆ 7 ಇರುವ ಕಡೆ 1 ಆಗಿತ್ತು. ತಿದ್ದಿದೆವು. ಅದೊಂದು ಅಂಕಿ ಹಾಗೇ ಉಳಿದಿದ್ದರೆ ಬೇಕಾದ ದಿನ ಆ ಕಾಗದ ನಮ್ಮ ಪಾಲಿಗೆ ಕಸ.

ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀರುವಿನಲ್ಲಿ ಪಹಣಿ, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ. ಲ್ಯಾಪ್‌ಟಾಪಿನ ಜೊತೆ ಇಟ್ಟಿಲ್ಲ. ಇನ್ನೊಂದು ಪ್ರತಿ ನಾಡಿದ್ದು ತವರಿಗೆ ಹೋಗುತ್ತದೆ. ಅದರ ಜೊತೆ ಒಂದು ಹಾರ್ಡ್ ಡಿಸ್ಕೂ ಹೋಗುತ್ತದೆ, ನನ್ನ ಎಲ್ಲ ಕೆಲಸದ ಪ್ರತಿ ಅದರಲ್ಲಿದೆ. ಇನ್ನೊಂದು ಡಿಸ್ಕ್ ಮನೆಯಲ್ಲಿ, ಪ್ರತಿ ಶನಿವಾರ ಚುಚ್ಚಿ ಪ್ರತಿ ಮಾಡಿಕೊಂಡು ಬಿಚ್ಚಿಡುವುದು. ಚುಚ್ಚಿಕೊಂಡೇ ಇದ್ದರೆ ಸಿಡಿಲು ಬಂದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ಹಾಡಿನ ಫೋಲ್ಡರನ್ನು ಇವತ್ತು ಬೆಳಿಗ್ಗೆ ತಂದುಕೊಂಡೆ. ಎಣಿಸಿದೆ, 63 ಇವೆ. ಅವೆಲ್ಲ ಹಳೆಯ ನುಡಿಯ ಆಸ್ಕಿ ಕಡತಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆ, ಗೀಟು ಬಂದು ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ಓದಲಾಗುವುದಿಲ್ಲ, ಒಂದು ಪದ ಹುಡುಕಲೂ ಆಗುವುದಿಲ್ಲ. ಎಲ್ಲವನ್ನೂ ಫೋನಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡಿಗೆ ಬದಲಿಸುತ್ತಿದ್ದೇನೆ. ಮುಗಿದರೆ ನಾದಿನಿಗೆ ಕಳಿಸಬಹುದು, ಅಮ್ಮನ ಹಾಡು ಅಂತ ಅವಳು ಎಷ್ಟೋ ಸಲ ಕೇಳಿದ್ದಾಳೆ. ಪರಿವರ್ತಕ ಮುಕ್ಕಾಲು ಪಾಲು ಸರಿಯಾಗೇ ಮಾಡುತ್ತದೆ. ಅರ್ಕಾವತ್ತು ಬಂದ ಕಡೆ ಮಾತ್ರ ಅಲ್ಲಲ್ಲಿ ಅಕ್ಷರ ಹಿಂದುಮುಂದಾಗುತ್ತದೆ, ಅದನ್ನು ಕಣ್ಣಿಟ್ಟು ತಿದ್ದಬೇಕು.

ಮಳೆ ಶುರುವಾಯಿತು. ಕರೆಂಟ್ ಹೋಯಿತು. ಬ್ಯಾಟರಿ 58 ಇದೆ. ಒಂಬತ್ತನೇ ಹಾಡಿನವರೆಗೆ ಬಂದಿದ್ದೇನೆ. ಆರತಿ ಹಾಡು ಇದು, ಅತ್ತೆ ಎರಡನೇ ಸಾಲನ್ನು ಮೂರು ಸಲ ಹೇಳಿ ಬರೆಸಿದ್ದರು.