ಹಾಲು ಬಿಟ್ಟ ಕೂಸು

14 ಮಾರ್ಚ್ 2023, ಮಂಗಳವಾರ
ರಾತ್ರಿ 11:40

ಇವತ್ತು ಪ್ರಾರ್ಥನೆ ಮಾಡಲಿಲ್ಲ ಅಂತಲೇ ಬರೆಯಬೇಕೇನೋ. ಮೊಣಕಾಲೂರಿದೆ, ಕಣ್ಣು ಮುಚ್ಚಿದೆ, "ಕರ್ತನೇ" ಅಂದೆ. ಮುಂದಕ್ಕೆ ಮಾತು ಹೊರಡಲಿಲ್ಲ. ತಮ್ಮ ತೀರಿಕೊಂಡು ಏಳು ತಿಂಗಳಾಯಿತು. ಅಲ್ಲಿಂದ ಈಚೆಗೆ ನನ್ನ ಪ್ರಾರ್ಥನೆ ಹೀಗೆ ಆ ಒಂದು ಪದದಲ್ಲೇ ನಿಂತುಬಿಡುತ್ತದೆ. ಬೇರೆ ದಿನವಾಗಿದ್ದರೆ ಎದ್ದು ಹೋಗುತ್ತಿದ್ದೆ. ಇವತ್ತು ಯಾಕೋ ಏಳಲಿಲ್ಲ. ಕಾಲು ಜೋಮು ಹಿಡಿಯುವ ತನಕ ಹಾಗೇ ಇದ್ದೆ.

ಸಮಾಧಾನ ಹೇಳಲು ಬಂದವರ ಮೇಲೆ ನನಗೆ ಕೋಪವಿಲ್ಲ. ಆದರೆ "ಎಲ್ಲಾ ದೇವರ ಚಿತ್ತ" ಅಂತ ಅವರು ಶುರುಮಾಡಿದ ಕೂಡಲೇ ನನ್ನೊಳಗೆ ಯಾರೋ ಬಾಗಿಲು ಹಾಕಿಕೊಳ್ಳುತ್ತಾರೆ. ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರನ್ನು ನಾವು ಸುಮ್ಮನೆ ಬೈಯುತ್ತೇವೆ. ಬಂದವರು ಮೊದಲ ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಕೆಟ್ಟದ್ದೆಲ್ಲ ಆಮೇಲೆ, ಅವರು ಬಾಯಿ ತೆರೆದ ಮೇಲೆ!

ಸೋತು ಬಿದ್ದವರಿಗೆ ದೇವರು ಹಾಗೆ ಮೊದಲೇ ಉಪದೇಶಕ್ಕಿಳಿದದ್ದು ನನಗೆ ನೆನಪಿಲ್ಲ. ಪ್ರವಾದಿ ಎಲೀಯ ಅರಣ್ಯದಲ್ಲಿ ಗಿಡವೊಂದರ ಕೆಳಗೆ ಬಿದ್ದುಕೊಂಡು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂದಾಗ ಅವನಿಗೆ ಸಿಕ್ಕಿದ್ದು ಉಪದೇಶವಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದ, ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಮುಟ್ಟಿ ಎಬ್ಬಿಸಿ, ಇನ್ನೂ ಸ್ವಲ್ಪ ತಿನ್ನು, ದಾರಿ ದೂರ ಇದೆ ಅಂದ. "ಇಲ್ಲೇನು ಮಾಡುತ್ತಿದ್ದೀ?" ಅನ್ನುವ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ.

ಸಂಜೆ ಓದಿದ್ದು 131ನೆಯ ಕೀರ್ತನೆ. ಮೂರೇ ವಚನ. ಯೆರೂಸಲೇಮಿಗೆ ಹತ್ತಿ ಹೋಗುವಾಗ ಹಾಡುತ್ತಿದ್ದ ಯಾತ್ರಾಗೀತೆಗಳ ಸಾಲಿನಲ್ಲಿ ಬರುವುದು. ಹಾಲು ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಪ್ರಾಣ ಸುಮ್ಮನಿದೆ ಅನ್ನುತ್ತಾನೆ ಹಾಡುವವನು. ಎಷ್ಟೋ ವರ್ಷ ಇದನ್ನು ಎಳೆಗೂಸಿನ ಚಿತ್ರ ಅಂತಲೇ ಓದಿಕೊಂಡು ಬಂದಿದ್ದೆ. ಅಲ್ಲ. ಹಾಲು ಬಿಟ್ಟದ್ದು. ಬೈಬಲ್ಲಿನ ಹನ್ನಳು ತನ್ನ ಮಗ ಸಮುವೇಲನನ್ನು ಶಿಲೋವಿನ ದೇವಾಲಯಕ್ಕೆ ಒಪ್ಪಿಸಿದ್ದು ಹಾಲು ಬಿಡಿಸಿದ ಮೇಲೆ, ಅಂದರೆ ಆ ಕಾಲದ 'ಹಾಲು ಬಿಟ್ಟ ಕೂಸು' ಓಡಾಡುವ, ಮಾತಾಡುವ ಮಗು.

ಮಗಳಿಗೆ ಹಾಲು ಬಿಡಿಸಿದ ದಿನಗಳು ನೆನಪಾದವು. ಮೂರ್ನಾಲ್ಕು ರಾತ್ರಿ ಅವಳು ಅತ್ತದ್ದು, ಪಕ್ಕದಲ್ಲೇ ಇದ್ದೂ ಕೊಡದೆ ನಾನೂ ಅತ್ತದ್ದು. ಅವಳ ಮಟ್ಟಿಗೆ ನಾನು ಆಗ ಕ್ರೂರಿ. ಕಾರಣ ಹೇಳಿದರೆ ಅರ್ಥವಾಗುವ ವಯಸ್ಸಲ್ಲ. ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಅವಳಾಗಿಯೇ ಬಂದು ಮಡಿಲು ಹತ್ತಿದಳು. ಸೆರಗು ಎಳೆಯಲಿಲ್ಲ, ಏನನ್ನೂ ಹುಡುಕಲಿಲ್ಲ. ಎದೆಗೆ ತಲೆಯಿಟ್ಟು ಕೂತಳು. ಮೊದಲ ಸಲ ಹಾಲಿಗಾಗಿ ಅಲ್ಲ, ನನಗಾಗಿ ಬಂದಿದ್ದಳು. ಆ ಹೊತ್ತಿನ ಸುಖವನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ. ದೇವರಿಗೂ ಹಾಗೆ ಅನಿಸುತ್ತದೆಯೇ? ಇದು ದೇವಶಾಸ್ತ್ರವಲ್ಲ, ತಾಯಿಯೊಬ್ಬಳ ಊಹೆ.

ಏಳು ತಿಂಗಳಿಂದ ನನ್ನ ದೂರು ಒಂದೇ, ನೀನು ಯಾಕೆ ಮಾತಾಡುತ್ತಿಲ್ಲ ಅಂತ. ಪ್ರವಾದಿ ಚೆಫನ್ಯನ ಪುಸ್ತಕದ 3:17ರಲ್ಲಿ ದೇವರು ತನ್ನ ಪ್ರೀತಿಯಲ್ಲಿ ಮೌನವಾಗಿರುವನು ಅಂತ ಒಂದು ಮಾತಿದೆ. ಎಲ್ಲ ಅನುವಾದಗಳೂ ಹೀಗಿಲ್ಲ. ಕೆಲವರು 'ನಿನ್ನನ್ನು ಶಾಂತಪಡಿಸುವನು' ಅನ್ನುತ್ತಾರೆ, ಹಳೆಯ ಗ್ರೀಕ್ ಪಾಠದಲ್ಲಿ 'ನಿನ್ನನ್ನು ಹೊಸದಾಗಿಸುವನು' ಅಂತಿದೆ. ನಾನು ಮೌನವನ್ನೇ ಇಟ್ಟುಕೊಳ್ಳುತ್ತೇನೆ. ಮಲಗಿದ ಮಗುವನ್ನು ನೋಡುತ್ತಾ ಕೂತವರೂ ಮಾತಾಡುವುದಿಲ್ಲ.

'ಅಬ್ಬಾ', ಅಂದರೆ ಅಪ್ಪಾ, ಅನ್ನುವ ಅರಮಾಯಿಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಮೂರೇ ಕಡೆ. ಮಾರ್ಕ 14, ರೋಮಾಪುರ 8, ಗಲಾತ್ಯ 4. ಬೇರೆ ಭಾಷೆಯವರು ಅದನ್ನು ವಿವರಿಸಲು ಒದ್ದಾಡುತ್ತಾರೆ, ಅದು ಮಕ್ಕಳ ತೊದಲೋ, ದೊಡ್ಡವರ ಗೌರವದ ಮಾತೋ ಅಂತ. ಕನ್ನಡದವರಿಗೆ ಆ ಕಷ್ಟವಿಲ್ಲ. ನಾವು ತೊದಲುವಾಗಲೂ ಅಪ್ಪಾ ಅನ್ನುತ್ತೇವೆ, ತಲೆ ನರೆತ ಮೇಲೂ ಅಪ್ಪಾ ಅನ್ನುತ್ತೇವೆ. ಎಡವಿ ಬಿದ್ದರೂ ಬಾಯಿಗೆ ಬರುವುದು ಅದೇ.

ಆದರೆ ನನ್ನನ್ನು ಇವತ್ತು ಹಿಡಿದು ನಿಲ್ಲಿಸಿದ್ದು ಯೇಸು ಅದನ್ನು ಕೂಗಿದ ಜಾಗ. ಗೆತ್ಸೇಮನೆ, ಅವನನ್ನು ಹಿಡಿದುಕೊಂಡು ಹೋದ ರಾತ್ರಿಯ ತೋಟ. ಸಾಯುವಷ್ಟು ದುಃಖ, ಶಿಷ್ಯರಿಗೆ ನಿದ್ದೆ. ಈ ಪಾತ್ರೆಯನ್ನು, ಅಂದರೆ ಬರಲಿದ್ದ ಸಂಕಟವನ್ನು, ನನ್ನಿಂದ ತೊಲಗಿಸು ಅಂತ ಬೇಡಿದಾಗಲೇ ಆ ಪದ ಬಂದದ್ದು. ಪಾತ್ರೆ ತೊಲಗಲಿಲ್ಲ. ಪ್ರೀತಿಯ ಮಗನಿಗೇ ತೊಲಗಲಿಲ್ಲ. ಕೇಳಿದ್ದು ಸಿಗಲಿಲ್ಲವಾದ್ದರಿಂದ ಪ್ರೀತಿಯೂ ಇಲ್ಲ ಅಂತ ನಾನು ಇಷ್ಟು ದಿನ ಹಾಕಿದ್ದ ಲೆಕ್ಕ ಅಲ್ಲಿ ತಾಳೆಯಾಗುವುದಿಲ್ಲ.

ತಮ್ಮ ಯಾಕೆ ಹೋದ ಅನ್ನುವುದಕ್ಕೆ ಉತ್ತರ ಇವತ್ತೂ ಸಿಗಲಿಲ್ಲ. ನಾಳೆ ಮತ್ತೆ ಜಗಳವಾಡುತ್ತೇನೇನೋ. ಆದರೆ ಈ ರಾತ್ರಿ ಕೋಣೆಯಲ್ಲಿ ನಾನೊಬ್ಬಳೇ ಇದ್ದ ಹಾಗಿರಲಿಲ್ಲ. ದೀಪ ಆರಿಸುವ ಮುಂಚೆ "ಕರ್ತನೇ" ಬಿಟ್ಟು "ಅಪ್ಪಾ" ಅಂದೆ. ಅದಾದ ಮೇಲೂ ಮಾತು ಹೊರಡಲಿಲ್ಲ. ನಾನೂ ಹುಡುಕಲಿಲ್ಲ.