ಹನ್ನೊಂದೂವರೆ ಸೆಂಟಿಮೀಟರ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾನು ಅಂಗನವಾಡಿ ಟೀಚರ್. ಅಪೌಷ್ಟಿಕತೆ ತಗ್ಗಿಸಲು ಕೇಂದ್ರ ಸರ್ಕಾರ ತಂದ ಪೋಷಣ್ ಅಭಿಯಾನ ಶುರುವಾದದ್ದು 2018ರ ಮಾರ್ಚ್ 8ಕ್ಕೆ, ದೂರದ ರಾಜಸ್ಥಾನದಲ್ಲಿ. ನಮ್ಮವರೆಗೆ ಬಂದದ್ದು ಒಂದು ಫೋನು, ಒಂದಷ್ಟು ತರಬೇತಿ. ಪಾಠ ಮಲಯಾಳದಲ್ಲಿ, ನನ್ನ ನೋಟ್ಸ್ ಮಾತ್ರ ಕನ್ನಡದಲ್ಲಿ.

ಅಲ್ಲಿ ನಿಜವಾಗಿ ಕಲಿತದ್ದು ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಸುತ್ತೋದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಅದನ್ನು ಸುತ್ತಬೇಕು. 12.5 ಸೆಂ.ಮೀ. ದಾಟಿದರೆ ಹಸಿರು. 11.5ಕ್ಕಿಂತ ಕೆಳಗೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ. ನಡುವೆ ಹಳದಿ. ಮೊದಮೊದಲು ನಾನು ಪಟ್ಟಿಯನ್ನು ಜಾಸ್ತಿ ಬಿಗಿದು, ಗುಂಡುಗುಂಡಗಿದ್ದ ಮಗುವನ್ನೂ ಹಳದಿಗೆ ಇಳಿಸಿದ್ದೆ! ಅದರ ಅಜ್ಜಿ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಪಟ್ಟಿ ಚರ್ಮಕ್ಕೆ ತಾಗಬೇಕು, ಒತ್ತಬಾರದು, ಅಷ್ಟೆ.

ಆರು ತಿಂಗಳು ದಾಟಿದ, ಮೂರು ವರ್ಷದೊಳಗಿನವರಿಗೆ ಅಂಗನವಾಡಿಯಿಂದ ಅಮೃತಂ ಪುಡಿ ಎಂಬ ಪೌಷ್ಟಿಕ ಆಹಾರ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ. ಈ ಮಿಶ್ರಣ ರೂಪಿಸಿದ್ದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ತಯಾರಿಸೋದು ಕೇರಳದ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀಯ ಹೆಂಗಸರು. ಮಗುವಿನ ಪಾಲು ಎಷ್ಟೋ ಮನೆಗಳಲ್ಲಿ ಉಂಡೆಯಾಗಿ ಎಲ್ಲರ ಬಾಯಿಗೂ ಹೋಗುತ್ತದೆ. ಹಾಗೆ ಮಾಡಬೇಡಿ ಅಂತ ಹೇಳಲು ಹೋದ ಮನೆಯಲ್ಲಿ ಚಹಾದ ಜೊತೆ ನನಗೂ ಅದೇ ಉಂಡೆ ಕೊಟ್ಟರು. ತಿಂದೆ. ರುಚಿಯಾಗಿತ್ತು.