ಕಕ್ಕಡದ ಮಳೆಯಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್

ರೂನ್‌ಸ್ಕೇಪ್‌ನ 2007ರ ಬ್ಯಾಕಪ್‌ನಿಂದ 2013ರಲ್ಲಿ ಮತ್ತೆ ಶುರುವಾದ ಈ ಆನ್‌ಲೈನ್ ಗೇಮ್ 2015ರಿಂದ ಉಚಿತವಾಗಿಯೂ ಸಿಗುತ್ತದೆ. ಸರ್ವರ್ ಆಟಗಾರರ ನಡೆಗಳ ಲೆಕ್ಕ ಹಾಕುವುದು 0.6 ಸೆಕೆಂಡಿಗೊಮ್ಮೆ, ಅತಿ ವೇಗದ ಇಂಟರ್ನೆಟ್ ಬೇಕಿಲ್ಲ. ಹಾಗಾಗಿ ಕೊಡಗಿನ ಕಕ್ಕಡ ತಿಂಗಳ ಮಳೆಗೆ ಕೊಂಬೆ ಬಿದ್ದು ಫೈಬರ್ ಕಡಿದ ದಿನವೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆದೀತು.

ಸಿಗ್ನಲ್ ಪೂರ್ತಿ ಹೋದರೆ ಮಾತ್ರ ಕಷ್ಟ. ಹೊಡೆದಾಟದ ನಡುವೆ ಸಂಪರ್ಕ ತಪ್ಪಿದರೆ ಪಾತ್ರ ಕೂಡಲೇ ಮಾಯವಾಗುವುದಿಲ್ಲ, ಅಲ್ಲೇ ನಿಂತು ಏಟು ತಿನ್ನುತ್ತದೆ. ಚೀಲದಲ್ಲಿ ಲಾಬ್‌ಸ್ಟರ್ ಇದ್ದರೂ (ಒಂದಕ್ಕೆ 12 ಆರೋಗ್ಯ) ತಿನ್ನಿಸಬೇಕಾದವರು ನೀವೇ ತಾನೆ! ಗಾಳಿ ಎದ್ದಾಗ ಮರ ಕಡಿಯಿರಿ, ಮೀನು ಹಿಡಿಯಿರಿ. ಬೇರೆ ಆಟಗಾರರು ನಿಮ್ಮ ಮೇಲೆ ಬೀಳಬಹುದಾದ ವೈಲ್ಡರ್‌ನೆಸ್ ಪ್ರದೇಶದ ಕಡೆ ತಲೆ ಹಾಕಬೇಡಿ.

ಕರೆಂಟು ಹೋಗುವ ಮೊದಲೇ ಗೇಮ್‌ನೊಳಗಿನ ಮಾರುಕಟ್ಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಸರಕು ಮಾರಾಟಕ್ಕಿಡಿ. ಉಚಿತ ಖಾತೆಗೆ ಒಮ್ಮೆಗೆ 3 ವ್ಯಾಪಾರದ ಜಾಗ ಮಾತ್ರ, ಆದರೆ ನೀವು ಲಾಗಿನ್ ಆಗಿಲ್ಲದಾಗಲೂ ವ್ಯಾಪಾರ ನಡೆಯುತ್ತದೆ.